ಆಟದಲ್ಲಿ ಸಿಕ್ಕ ‘ಅಣ್ಣ’: ಒಂಬತ್ತು ವರ್ಷದ ಹುಡುಗನ ಪ್ರಕರಣ

ಹುಡುಗ ನಾಲ್ಕನೇ ತರಗತಿಯವನು. ಇಲ್ಲಿ ಅವನನ್ನು ಸುಹಾಸ ಎಂದು ಕರೆಯುತ್ತೇನೆ. ಹೆಸರು, ಊರು, ಮನೆಯವರ ಕೆಲಸ ಎಲ್ಲವನ್ನೂ ಗುರುತು ಸಿಗದಂತೆ ಬದಲಾಯಿಸಿದ್ದೇನೆ. ಮಕ್ಕಳ ವೈದ್ಯರು ಅವನನ್ನು ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಕಳುಹಿಸಿದ್ದರು. ನಿಂತೇ ಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರುಕಳಿಸಿತ್ತು, ಶಾಲೆಗೆ ಹೊರಡುವಾಗ ಹೊಟ್ಟೆನೋವು ಬರುತ್ತಿತ್ತು, ಮನೆಯಲ್ಲಿ ಯಾರ ಮೊಬೈಲ್ ಸದ್ದು ಮಾಡಿದರೂ ಬೆಚ್ಚಿಬೀಳುತ್ತಿದ್ದ.

ತಾಯಿ ಮನೆಯಲ್ಲೇ ರವಿಕೆ ಹೊಲಿಯುತ್ತಾರೆ, ತಂದೆ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಹಬ್ಬದ ದಿನಗಳಲ್ಲಿ ಹೊಲಿಗೆ ಹೆಚ್ಚಾದಾಗ ಸಂಜೆ ಮಗನ ಕೈಗೆ ತಾಯಿಯ ಮೊಬೈಲ್ ಹೋಗುತ್ತಿತ್ತು. ಶಾಲೆಯ ಹೋಂವರ್ಕ್ ಬರುವುದೂ ಅದೇ ಮೊಬೈಲ್‌ಗೆ, ಆದ್ದರಿಂದ ‘ಓದುತ್ತಿದ್ದೇನೆ’ ಎಂದರೆ ಯಾರೂ ಅನುಮಾನಿಸುತ್ತಿರಲಿಲ್ಲ. ಒಂದು ರಾತ್ರಿ ಬೆಳಗಿನ ಅಲಾರಂ ಇಡಲು ಹೋದ ತಾಯಿಗೆ ಪರದೆಯ ಮೇಲೆ ಒಂದು ವಾಟ್ಸ್‌ಆ್ಯಪ್ ಸಂದೇಶ ಕಂಡಿತು: ‘ತಮ್ಮಾ, ಮಲಗಿದೆಯಾ? ಅಮ್ಮ ಪಕ್ಕದಲ್ಲಿದ್ದಾರಾ?’ ಮೊದಲು ತವರಿನ ಕಡೆಯ ಯಾರೋ ಇರಬೇಕು ಎಂದುಕೊಂಡರಂತೆ. ಎರಡನೇ ಸಾಲು ಓದಿದ ಮೇಲೆ ಕೈ ನಡುಗಿತು.

ತಂದೆ ಮಗನನ್ನು ಎಬ್ಬಿಸಿ ಎರಡು ಬಾರಿಸಿದರು, ಮೊಬೈಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹುಡುಗ ಅಂದಿನಿಂದ ಆ ವಿಷಯವಾಗಿ ಬಾಯಿ ಬಿಡಲಿಲ್ಲ.

ನನ್ನಲ್ಲಿಗೆ ಬಂದಾಗಲೂ ಅಷ್ಟೆ. ನಾನು ಪ್ರಶ್ನೆ ಕೇಳಲಿಲ್ಲ, ಚೌಕಾಬಾರದ ಮನೆ ಬರೆದು ಕವಡೆ ಕೊಟ್ಟೆ. ನನ್ನ ಕಾಯಿಯೊಂದನ್ನು ಕಡಿದ ಖುಷಿಯಲ್ಲಿ, ತಲೆ ಎತ್ತದೆಯೇ ಅವನು ಹೇಳಿದ: ‘ಆ ಅಣ್ಣ ನನಗೆ ಒಂದು ಗನ್ ಕೊಡಿಸಿದ್ದ.’ ಗುಂಡು ಹಾರಿಸುವ ಆಟವೊಂದರಲ್ಲಿ ಆ ಅಪರಿಚಿತ ಇವನ ಜೋಡಿಯಾಗಿದ್ದ. ಕನ್ನಡದಲ್ಲೇ ಮಾತನಾಡಿದ, ಆಟ ಕಲಿಸಿದ, ಉಡುಗೊರೆ ಕೊಡಿಸಿದ. ಬಳಿಕ ‘ಇಲ್ಲಿ ಬೇಡ’ ಎಂದು ವಾಟ್ಸ್‌ಆ್ಯಪ್ ನಂಬರ್ ಕೇಳಿದ. ಅಂಗಿ ಬಿಚ್ಚಿದ ಒಂದು ಫೋಟೊ ತರಿಸಿಕೊಂಡ. ಅದಾದ ಮೇಲೆ ಇನ್ನಷ್ಟು ಬೇಕೆಂದ. ಹುಡುಗ ಹಿಂಜರಿದಾಗ ಹೇಳಿದ ಮಾತು ಇದು: ‘ಅಮ್ಮನಿಗೆ ಗೊತ್ತಾದರೆ ನಿನಗೇ ಹೊಡೆಯುತ್ತಾರೆ, ಮೊಬೈಲ್ ಕಿತ್ತುಕೊಳ್ಳುತ್ತಾರೆ.’

ಅವನು ಹೇಳಿದಂತೆಯೇ ಆಗಿತ್ತು. ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಅಂಥವರ ಕೈಯಲ್ಲಿರುವ ದೊಡ್ಡ ಆಯುಧ ನಾವು ಮಕ್ಕಳಲ್ಲಿ ಮೂಡಿಸಿರುವ ಭಯ. ಹೇಳಿದರೆ ಪೆಟ್ಟು ಬೀಳುತ್ತದೆ ಎಂದು ಗೊತ್ತಿರುವ ಮಗು ಹೇಳುವುದಿಲ್ಲ. ಹಾಗಾಗಿ ತಂದೆಗೆ ಕೊಟ್ಟ ಮೊದಲ ಸಲಹೆ, ಮಗನ ಬಳಿ ಕುಳಿತು ತಪ್ಪಾಯಿತು ಎನ್ನಬೇಕು ಎಂಬುದು. ಅವರು ಒಪ್ಪಲು ಸಮಯ ಹಿಡಿಯಿತು. ‘ತಪ್ಪು ಮಾಡಿದವನು ಅವನು, ನಾನೇಕೆ ಕ್ಷಮೆ ಕೇಳಲಿ?’ ಎಂದರು. ತಪ್ಪು ಮಾಡಿದವನು ಆ ಅಪರಿಚಿತ, ನಿಮ್ಮ ಮಗನಲ್ಲ ಎಂದೆ. ಕೊನೆಗೆ ನನ್ನ ಕೋಣೆಯಲ್ಲೇ ಹುಡುಗನನ್ನು ಪಕ್ಕಕ್ಕೆಳೆದುಕೊಂಡು ‘ಅಪ್ಪ ಹೊಡೆಯಬಾರದಿತ್ತು’ ಎಂದರು.

ದೂರಿನ ವಿಷಯ ಬಂದಾಗ ಮತ್ತೆ ತಡೆದರು. ‘ಗಂಡು ಹುಡುಗ ಮೇಡಂ, ಏನಾಗುತ್ತದೆ? ಊರಿಗೆ ಗೊತ್ತಾದರೆ ತಲೆ ಎತ್ತಿ ತಿರುಗುವುದು ಹೇಗೆ?’ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಗಂಡು ಹೆಣ್ಣೆಂದು ಭೇದ ಮಾಡುವುದಿಲ್ಲ, 18 ವರ್ಷದೊಳಗಿನ ಎಲ್ಲರಿಗೂ ಅನ್ವಯಿಸುತ್ತದೆ. ಲೈಂಗಿಕ ಉದ್ದೇಶದಿಂದ ಮಗುವಿನ ಮೈ ತೋರಿಸುವಂತೆ ಮಾಡುವುದೂ ಅದರಡಿ ಅಪರಾಧ. ಇಂಥದ್ದು ತಿಳಿದ ಮೇಲೆ ಪೊಲೀಸರಿಗೆ ತಿಳಿಸುವುದು ಸೆಕ್ಷನ್ 19ರ ಪ್ರಕಾರ ನನ್ನ ಕರ್ತವ್ಯವೂ ಹೌದು, ಮುಚ್ಚಿಡಲು ನನಗೆ ಅವಕಾಶವಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಮಾಧ್ಯಮಗಳು ಮಗುವಿನ ಗುರುತು ಹೊರಹಾಕುವುದನ್ನು ಅದೇ ಕಾಯ್ದೆ ನಿಷೇಧಿಸುತ್ತದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಸಾಧ್ಯವಾದಮಟ್ಟಿಗೆ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಪಡೆಯಬೇಕು. ಇಲ್ಲಿಯೂ ಸಬ್ ಇನ್‌ಸ್ಪೆಕ್ಟರ್ ಒಬ್ಬರು ಚೂಡಿದಾರದಲ್ಲಿ ಬಂದರು, ಹುಡುಗ ಅವರನ್ನು ಹೊಸ ಟೀಚರ್ ಎಂದುಕೊಂಡಿದ್ದ.

ಅದಕ್ಕೂ ಮೊದಲು ಪೋಷಕರಿಗೆ ಒಂದು ಎಚ್ಚರಿಕೆ ಕೊಟ್ಟಿದ್ದೆ. ಸಿಟ್ಟಿನಲ್ಲಿ ಸಂದೇಶಗಳನ್ನು ಅಳಿಸಬೇಡಿ, ಆ ನಂಬರಿಗೆ ಕರೆ ಮಾಡಿ ಬೈಯಬೇಡಿ. ನಂಬರ್, ಹೆಸರು, ದಿನಾಂಕ, ಮಾತುಕತೆಯ ಸ್ಕ್ರೀನ್‌ಶಾಟ್ ಇಟ್ಟುಕೊಂಡ ಮೇಲೆಯೇ ಬ್ಲಾಕ್ ಮಾಡಿ. ಆದರೆ ಮಗುವಿನ ಫೋಟೊವನ್ನು ಯಾರಿಗೂ, ಸೋದರಮಾವನಿಗೂ, ಕಳುಹಿಸಬೇಡಿ. ಮೊಬೈಲನ್ನೇ ಪೊಲೀಸರಿಗೆ ತೋರಿಸಿದರೆ ಸಾಕು. ಠಾಣೆಗೆ ಹೋಗಲು ಅಂಜುವವರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿಯೂ ದೂರು ಕೊಡಬಹುದು. ನಗ್ನ ಚಿತ್ರವೇ ಹೋಗಿದ್ದರೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ. ಚಿತ್ರ ನಮ್ಮ ಮೊಬೈಲ್ ಬಿಟ್ಟು ಹೋಗುವುದಿಲ್ಲ, ಅದನ್ನು ಗುರುತಿಸುವ ಸಂಕೇತವಷ್ಟೇ ಆ ಸೇವೆಯಲ್ಲಿ ಸೇರಿರುವ ಜಾಲತಾಣಗಳಿಗೆ ತಲುಪುತ್ತದೆ.

ಮೊಬೈಲ್ ನೋಡುವಾಗ ಮತ್ತೊಂದು ಸಂಗತಿ ಬೆಳಕಿಗೆ ಬಂತು. ಆ ಅಪರಿಚಿತನಿಗೆ ಹುಡುಗನ ಶಾಲೆಯ ಹೆಸರು ಗೊತ್ತಿತ್ತು. ಸುಹಾಸ ಹೇಳಿರಲಿಲ್ಲ. ಅವನು ಆ ನಂಬರನ್ನು ‘ಆಟದ ಅಣ್ಣ’ ಎಂದು ತಾಯಿಯ ಮೊಬೈಲಿನಲ್ಲಿ ಸೇವ್ ಮಾಡಿದ್ದ, ಹಾಗಾಗಿ ತಾಯಿ ಹಾಕುವ ಸ್ಟೇಟಸ್ ಎಲ್ಲವೂ ಆ ಅಪರಿಚಿತನಿಗೆ ಕಾಣುತ್ತಿತ್ತು. ಹುಟ್ಟುಹಬ್ಬದ ದಿನ ಹಾಕಿದ ಯೂನಿಫಾರ್ಮ್ ಫೋಟೊದಲ್ಲಿ ಜೇಬಿನ ಮೇಲಿನ ಬ್ಯಾಡ್ಜ್ ಸ್ಪಷ್ಟವಾಗಿ ಓದುವಂತಿತ್ತು. ಪ್ರೀತಿಯಿಂದ ಹಾಕಿದ ಫೋಟೊ ಅದು, ತಾಯಿಯನ್ನು ದೂರುವುದು ಅನ್ಯಾಯ. ಸ್ಟೇಟಸ್ ಯಾರಿಗೆ ಕಾಣಬೇಕು ಎಂಬುದನ್ನು ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಆಯ್ದುಕೊಳ್ಳುವುದನ್ನು ಅವರಿಗೆ ತೋರಿಸಿಕೊಟ್ಟೆ.

ಉಳಿದ ಸೆಟ್ಟಿಂಗ್‌ಗಳ ಕೆಲಸ ಬೇಗ ಮುಗಿಯಿತು. ವಾಟ್ಸ್‌ಆ್ಯಪ್‌ಗೆ ಬೀಗ ಬಿತ್ತು. ಪ್ಲೇ ಸ್ಟೋರ್‌ಗೂ ಬೀಗ ಹಾಕಿ, ಹೊಸ ಆ್ಯಪ್ ಇಳಿಸಲು ತಾಯಿಯ ಒಪ್ಪಿಗೆ ಬೇಕಾಗುವಂತೆ ಮಾಡಿದೆವು. ಆಟ ಬೇಕೇ ಬೇಕೆಂದರೆ ಚಾಟ್ ಇಲ್ಲದ್ದು, ಅದೂ ನಡುಮನೆಯಲ್ಲಿ ಕುಳಿತು. ರಾತ್ರಿ ಮೊಬೈಲ್ ಚಾರ್ಜ್ ಆಗುವುದು ಅಡುಗೆಮನೆಯ ಕಟ್ಟೆಯ ಮೇಲೆ, ಮಲಗುವ ಕೋಣೆಯಲ್ಲಿ ಅಲ್ಲ, ಅಪ್ಪನದ್ದೂ ಸೇರಿ. ಇಷ್ಟಕ್ಕೇ ನೆಮ್ಮದಿಯಾಗುವ ಪೋಷಕರನ್ನು ಕಂಡಿದ್ದೇನೆ. ಒಂಬತ್ತು ವರ್ಷದವರಿಗೆ ಈ ಬೀಗಗಳನ್ನು ದಾಟಲು ಹೆಚ್ಚು ಕಾಲ ಬೇಕಾಗುವುದಿಲ್ಲ.

ಹಾಗಾಗಿ ನಾನು ಹೆಚ್ಚು ಹೊತ್ತು ಕಳೆದದ್ದು ಮಗುವಿನೊಂದಿಗೆ ಆಡುವ ಮಾತಿನ ಮೇಲೆ. ‘ಅಮ್ಮನಿಗೆ ಹೇಳಬೇಡ’ ಎಂದು ಯಾರೇ ಹೇಳಿದರೂ ಅದನ್ನೇ ಅಮ್ಮನಿಗೆ ಮೊದಲು ಹೇಳಬೇಕು ಎಂಬುದು ಸುಹಾಸನ ಪಾಲಿಗೆ ಒಂದೇ ನಿಯಮ. ಅದನ್ನು ಉಪದೇಶವಾಗಿ ಹೇಳದೆ ನಾಟಕವಾಗಿ ಆಡಿ ಎಂದೆ. ತಾಯಿ ಅಪರಿಚಿತನಾದರು: ‘ತಮ್ಮಾ, ನಿನಗೆ ಆಟದಲ್ಲಿ ನೂರು ಡೈಮಂಡ್ ಕೊಡುತ್ತೇನೆ, ಒಂದು ಫೋಟೊ ಕಳಿಸು.’ ಹುಡುಗ ಮೊದಲ ಸಲ ನಾಚಿಕೊಂಡ, ಆಮೇಲೆ ಜೋರಾಗಿ ‘ತಾಳಿ, ಅಮ್ಮನನ್ನು ಕರೆಯುತ್ತೇನೆ’ ಎಂದ. ಪೋಷಕರ ಪಾಲಿಗೂ ಒಂದು ನಿಯಮ ಇತ್ತು. ಅವನು ಏನನ್ನೇ ತಂದು ಹೇಳಿದರೂ ಆ ಕಾರಣಕ್ಕೆ ಮೊಬೈಲ್ ಕಸಿದುಕೊಳ್ಳುವಂತಿಲ್ಲ. ಹೊತ್ತಿನ ಮಿತಿ ಇರಲಿ, ಆದರೆ ಅದು ದಿನನಿತ್ಯದ್ದು, ಸತ್ಯ ಹೇಳಿದ್ದಕ್ಕೆ ಬರುವ ಶಿಕ್ಷೆಯಲ್ಲ.

ಹಾಸಿಗೆ ಒದ್ದೆಯಾಗುವುದು ನಿಧಾನವಾಗಿ ಕಡಿಮೆಯಾಯಿತು. ಶಾಲೆಗೆ ಹೋಗುತ್ತಿದ್ದಾನೆ. ಕ್ರಿಕೆಟ್ ವಿಡಿಯೊ ನೋಡುವಾಗ ಏನೋ ಕೆಟ್ಟ ಜಾಹೀರಾತು ಬಂದಾಗ ತಾನಾಗಿಯೇ ಅಪ್ಪನಿಗೆ ತೋರಿಸಿದನಂತೆ. ಪೊಲೀಸ್ ತನಿಖೆ ಇನ್ನೂ ನಡೆಯುತ್ತಿದೆ. ಬೇಸಿಗೆ ರಜೆಗೆ ದೊಡ್ಡಮ್ಮನ ಮನೆಗೆ ಹೋಗುವ ಮಾತು ಬಂದಾಗ ತಾಯಿ ತಾವೇ ಅಕ್ಕನಿಗೆ ಫೋನ್ ಮಾಡಿ, ಅಲ್ಲಿನ ಅಣ್ಣಂದಿರ ಮೊಬೈಲಿನಲ್ಲಿಯೂ ಆ ಆಟ ಬೇಡ, ರಾತ್ರಿ ಯಾರ ಹಾಸಿಗೆಯ ಬಳಿಯೂ ಮೊಬೈಲ್ ಇರಬಾರದು ಎಂದು ಹೇಳಿದ್ದಾರೆ.