ತಿಂದದ್ದು ಮೈಗೆ ಹತ್ತಬೇಕಲ್ಲ!

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನನಗೆ 34 ವರ್ಷ. ಹಿಮೋಗ್ಲೋಬಿನ್ 9.2 ಇತ್ತು. ಎರಡು ತಿಂಗಳು ಐರನ್ ಮಾತ್ರೆ ನುಂಗಿದರೂ 9.5 ದಾಟಿಲ್ಲ. ತಿಂಡಿ, ಕಾಫಿ ಮುಗಿದ ಕೂಡಲೇ ಕ್ಯಾಲ್ಸಿಯಂ ಮಾತ್ರೆಯ ಜೊತೆಗೇ ತೆಗೆದುಕೊಳ್ಳುತ್ತೇನೆ. ದಿನಾ ಬೀಟ್‌ರೂಟ್ ಜ್ಯೂಸ್ ಕೂಡ ಕುಡಿಯುತ್ತೇನೆ. ಎಲ್ಲಿ ತಪ್ಪುತ್ತಿದೆ ಡಾಕ್ಟ್ರೇ?
– ಗೃಹಿಣಿ, ಹಾಸನ

ಉತ್ತರ: ಮಾತ್ರೆಯಲ್ಲಿ ತಪ್ಪಿಲ್ಲ, ಹೊತ್ತಿನಲ್ಲಿದೆ. ಕಾಫಿ, ಟೀಯಲ್ಲಿರುವ ಪಾಲಿಫೀನಾಲ್‌ಗಳು ಕರುಳಿನಲ್ಲಿ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಕ್ಯಾಲ್ಸಿಯಂ ಕೂಡ ಅಡ್ಡ ಬರುತ್ತದೆ. ಹಾಗಾಗಿ ನೀವು ನುಂಗಿದ್ದರಲ್ಲಿ ಬಹುಪಾಲು ಹೊರಗೇ ಹೋಗಿದೆ.

ಹೀಗೆ ಮಾಡಿ. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ, ಅರ್ಧ ನಿಂಬೆಹಣ್ಣು ಹಿಂಡಿದ ನೀರಿನ ಜೊತೆ ಐರನ್ ಮಾತ್ರೆ ನುಂಗಿ. ವಿಟಮಿನ್ ಸಿ ಇದ್ದರೆ ಕಬ್ಬಿಣ ಸುಲಭವಾಗಿ ಹೀರಲ್ಪಡುತ್ತದೆ. ತಿಂಡಿಗೆ ಒಂದು ಗಂಟೆ, ಕಾಫಿಗೆ ಎರಡು ಗಂಟೆ ಬಿಡಿ. ಕ್ಯಾಲ್ಸಿಯಂ ಮಾತ್ರೆ ರಾತ್ರಿ ಊಟದ ಹೊತ್ತಿಗಿರಲಿ. ಹೊಟ್ಟೆ ತೊಳಸಿದರೆ ಮಾತ್ರೆ ಬಿಟ್ಟುಬಿಡಬೇಡಿ. ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಒಂದು ಡೋಸ್ ಆದ ಮೇಲೆ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಿಸಿ ಸುಮಾರು ಒಂದು ದಿನ ಕಬ್ಬಿಣದ ದಾರಿಯನ್ನು ಕಿರಿದು ಮಾಡುತ್ತದೆ. ಆದ್ದರಿಂದ ದಿನ ಬಿಟ್ಟು ತೆಗೆದುಕೊಂಡಾಗ ಒಂದೊಂದು ಮಾತ್ರೆಯಿಂದಲೂ ಹೆಚ್ಚು ಪಾಲು ದಕ್ಕುತ್ತದೆ. ಮಲ ಕಪ್ಪಾದರೆ ಗಾಬರಿ ಬೇಡ, ಅದು ಮಾತ್ರೆಯ ಬಣ್ಣ.

ಪಟ್ಟಿಯ ಮೇಲಿನ ಅಂಕಿಯನ್ನೂ ಗಮನಿಸಿ. ಫೆರಸ್ ಸಲ್ಫೇಟ್ 200 ಮಿಲಿಗ್ರಾಂ ಎಂದಿದ್ದರೆ ಅದರೊಳಗಿನ ಕಬ್ಬಿಣ ಸುಮಾರು 60 ಮಿಲಿಗ್ರಾಂ ಮಾತ್ರ. ಉಳಿದದ್ದು ಲವಣದ ತೂಕ.

ಬೀಟ್‌ರೂಟ್ ರುಚಿಗೆ ಕುಡಿಯಿರಿ, ರಕ್ತಕ್ಕೆಂದು ಬೇಡ. ಅದರ ಕೆಂಪಿಗೂ ಕಬ್ಬಿಣಕ್ಕೂ ನಂಟಿಲ್ಲ: 100 ಗ್ರಾಂನಲ್ಲಿ 1 ಮಿಲಿಗ್ರಾಂನಷ್ಟೂ ಇರುವುದಿಲ್ಲ. ಮುಟ್ಟಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಆಹಾರದಲ್ಲಿರಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). ಸೊಪ್ಪಿನ ಪಲ್ಯಕ್ಕೆ ಇಳಿಸಿದ ಮೇಲೆ ನಿಂಬೆರಸ ಹಿಂಡುವುದು, ಹೆಸರುಕಾಳು, ಹುರುಳಿಕಾಳನ್ನು ಮೊಳಕೆ ಕಟ್ಟಿ ಬಳಸುವುದು ಬೀಟ್‌ರೂಟ್‌ಗಿಂತ ಎಷ್ಟೋ ಮೇಲು. ಮೊಳಕೆ ಬಂದಾಗ ಕಬ್ಬಿಣವನ್ನು ಕಟ್ಟಿಹಾಕುವ ಫೈಟೇಟ್ ಕಡಿಮೆಯಾಗುತ್ತದೆ.

ಹೀಗೆ ಮಾಡಿದರೆ ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಕನಿಷ್ಠ 1 ಗ್ರಾಂ ಏರಬೇಕು. ಏರದಿದ್ದರೆ ಸೋರಿಕೆ ಹುಡುಕಬೇಕಾಗುತ್ತದೆ: ಅತಿಯಾದ ಮುಟ್ಟಿನ ರಕ್ತಸ್ರಾವ, ಮೂಲವ್ಯಾಧಿ, ಕೊಕ್ಕೆಹುಳು. ಥಲಸ್ಸೀಮಿಯಾ ಮೈನರ್ ಎಂಬ, ವಂಶದಿಂದ ಬರುವ ರಕ್ತದ ದೋಷ ಇರುವವರಲ್ಲೂ ಹಿಮೋಗ್ಲೋಬಿನ್ ಕಡಿಮೆ ಇರಬಹುದು, ಆದರೆ ಅದು ಕಬ್ಬಿಣದ ಕೊರತೆಯಲ್ಲ. ಫೆರಿಟಿನ್ ಪರೀಕ್ಷೆ ಮಾಡಿಸಿದರೆ ದಾಸ್ತಾನು ಎಷ್ಟಿದೆ ಎಂದು ತಿಳಿಯುತ್ತದೆ. ಹಿಮೋಗ್ಲೋಬಿನ್ 12 ಮುಟ್ಟಿದ ಮೇಲೂ ಮೂರು ತಿಂಗಳು ಮಾತ್ರೆ ಮುಂದುವರಿಸಿ. ಇಲ್ಲವಾದರೆ ದಾಸ್ತಾನು ತುಂಬದೆ ಮತ್ತೆ ಇಳಿಯುತ್ತದೆ.

ಪ್ರಶ್ನೆ: ವಯಸ್ಸು 61, ಸಸ್ಯಾಹಾರಿ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದೇನೆ. ಪಾದ ಜೋಮು ಹಿಡಿದಂತಿರುತ್ತದೆ, ಕತ್ತಲಲ್ಲಿ ನಡೆದರೆ ತೂರಾಡುತ್ತೇನೆ. ಸಕ್ಕರೆಯಿಂದಲೇ ಎನ್ನುತ್ತಾರೆ ಮನೆಯವರು. ಬಿ ಕಾಂಪ್ಲೆಕ್ಸ್ ನುಂಗುತ್ತಿದ್ದೇನೆ, ಸಾಲದೇ?
– ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಸಕ್ಕರೆಯಿಂದಲೂ ಇರಬಹುದು. ಆದರೆ ಬಿ12 ಪರೀಕ್ಷಿಸದೆ ಹಾಗೆ ತೀರ್ಮಾನಿಸುವುದು ತಪ್ಪು. ಈ ವಿಟಮಿನ್ ನರಗಳ ಹೊದಿಕೆಯನ್ನು ಕಾಪಾಡುತ್ತದೆ, ರಕ್ತಕಣಗಳ ಹುಟ್ಟಿಗೂ ಬೇಕು. ಕಾಳು, ಸೊಪ್ಪು, ತರಕಾರಿಗಳಲ್ಲಿ ಇದಿಲ್ಲ. ಸ್ಪಿರುಲಿನಾದಲ್ಲಿ ಇರುವುದು ಬಹುಮಟ್ಟಿಗೆ ನಮ್ಮ ದೇಹಕ್ಕೆ ಕೆಲಸಕ್ಕೆ ಬಾರದ ರೂಪ. ಸಸ್ಯಾಹಾರಿಗೆ ಹಾಲು ಮೊಸರೇ ಗತಿ. ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 2 ಮೈಕ್ರೋಗ್ರಾಂ, ಅಂದರೆ ಒಂದು ದಿನಕ್ಕೆ ಬೇಕಾದಷ್ಟರ ಆಸುಪಾಸು. ಮೆಟ್‌ಫಾರ್ಮಿನ್ ಅದರ ಹೀರುವಿಕೆಯನ್ನೂ ತಗ್ಗಿಸುತ್ತದೆ. ಜೊತೆಗೆ ಗ್ಯಾಸ್ಟ್ರಿಕ್ಕಿಗೆಂದು ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗುವವರಿಗೆ ಏಟು ಇಮ್ಮಡಿ. ಲಿವರ್‌ನಲ್ಲಿ ಕೆಲವು ವರ್ಷಕ್ಕಾಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ಬೇಗ ಗೊತ್ತಾಗುವುದಿಲ್ಲ.

ಬಿ12 ಮಟ್ಟ 200 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ. 200ರಿಂದ 300 ಅನುಮಾನದ ಗಡಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅಂಕಿ ಮೇಲೆ ತೋರಿಸಿ ದಾರಿ ತಪ್ಪಿಸೀತು, ವೈದ್ಯರಿಗೆ ಹೇಳಿ. ಹಿಮೋಗ್ಲೋಬಿನ್ ಸರಿ ಇದೆಯೆಂದು ಸುಮ್ಮನಾಗಬೇಡಿ: ರಕ್ತ ಸರಿಯಿದ್ದೂ ನರ ಹಾಳಾಗುತ್ತಿರಬಹುದು. ಬರೀ ಫೋಲಿಕ್ ಆಮ್ಲ ಕೊಟ್ಟರೆ ರಕ್ತಹೀನತೆ ವಾಸಿಯಾದಂತೆ ಕಾಣುತ್ತದೆ, ನರದ ಹಾನಿ ಒಳಗೊಳಗೇ ಬೆಳೆಯುತ್ತದೆ.

ಬಿ ಕಾಂಪ್ಲೆಕ್ಸ್ ಪಟ್ಟಿ ತಿರುಗಿಸಿ ನೋಡಿ, ಬಿ12 ಎಷ್ಟು ಮೈಕ್ರೋಗ್ರಾಂ ಇದೆ? ಹಲವು ಬ್ರ್ಯಾಂಡ್‌ಗಳಲ್ಲಿ ಅತ್ಯಲ್ಪ. ಚಿಕಿತ್ಸೆಗೆ ಬಾಯಿಯಿಂದಾದರೆ ದಿನಕ್ಕೆ 1000 ಮೈಕ್ರೋಗ್ರಾಂ ಬೇಕು. ಜಠರದ ವಾಹಕ ಪ್ರೋಟೀನ್ ಒಂದು ಸಲಕ್ಕೆ 2 ಮೈಕ್ರೋಗ್ರಾಂಗಿಂತ ಹೆಚ್ಚು ಹೊರಲಾರದು. ಮಿಕ್ಕದ್ದರಲ್ಲಿ ನೂರಕ್ಕೆ ಒಂದು ಪಾಲಷ್ಟೇ ತಾನಾಗಿ ಒಳಸೇರುತ್ತದೆ. ನಿಮ್ಮಂತೆ ನರದ ಲಕ್ಷಣಗಳಿದ್ದರೆ ಇಂಜೆಕ್ಷನ್‌ನಿಂದ ಶುರುಮಾಡುವುದು ಒಳ್ಳೆಯದು, ತಡ ಬೇಡ. ಮೆಟ್‌ಫಾರ್ಮಿನ್ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಪ್ರಶ್ನೆ: ಅತ್ತೆಯವರಿಗೆ 68 ವರ್ಷ. ವಿಟಮಿನ್ ಡಿ 60,000 ಯೂನಿಟ್ ಕ್ಯಾಪ್ಸೂಲ್ ವಾರಕ್ಕೊಂದು ಎಂದು ಬರೆದಿದ್ದರು. ಕೈತಪ್ಪಿನಿಂದ ಮೂರು ವಾರ ದಿನಕ್ಕೊಂದು ಕೊಟ್ಟಿದ್ದೇವೆ. ಈಗ ವಾಕರಿಕೆ, ಮಲಬದ್ಧತೆ. ಏನು ಮಾಡಲಿ?
– ಓದುಗರು, ತುಮಕೂರು

ಉತ್ತರ: ಇವತ್ತೇ ನಿಲ್ಲಿಸಿ, ಕ್ಯಾಲ್ಸಿಯಂ ಮಾತ್ರೆ ಕೊಡುತ್ತಿದ್ದರೆ ಅದನ್ನೂ. 21 ದಿನಕ್ಕೆ 12.6 ಲಕ್ಷ ಯೂನಿಟ್ ಹೋಗಿದೆ. ಇಂದೇ ಆಸ್ಪತ್ರೆಗೆ ಕರೆದೊಯ್ದು ರಕ್ತದ ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತಿಳಿಸುವ) ಪರೀಕ್ಷೆ ಮಾಡಿಸಿ. ಕ್ಯಾಲ್ಸಿಯಂ ಏರಿದಾಗ ಬಾಯಾರಿಕೆ, ಪದೇಪದೇ ಮೂತ್ರ, ಮಂಪರು, ಗೊಂದಲ ಬರುತ್ತವೆ, ಕಿಡ್ನಿಗೂ ಪೆಟ್ಟು. ವಿಟಮಿನ್ ಡಿ ಕೊಬ್ಬಿನಲ್ಲಿ ಸೇರಿಕೊಳ್ಳುವುದರಿಂದ ನಿಲ್ಲಿಸಿದ ಮೇಲೂ ವಾರಗಟ್ಟಲೆ ಪರಿಣಾಮ ಇರುತ್ತದೆ, ಒಂದೇ ಪರೀಕ್ಷೆಗೆ ಮುಗಿಸಬೇಡಿ. ಈ ಕ್ಯಾಪ್ಸೂಲ್ ಸಾಮಾನ್ಯವಾಗಿ ವಾರಕ್ಕೊಂದರಂತೆ 8 ವಾರ ಮಾತ್ರ. ಮುಂದೆ ಮತ್ತೆ ಬೇಕಾದರೆ ಕ್ಯಾಲೆಂಡರ್‌ನಲ್ಲಿ ವಾರದ ಒಂದೇ ದಿನಕ್ಕೆ ಗುರುತು ಹಾಕಿ, ಎಣ್ಣೆ ತುಪ್ಪ ಇರುವ ಊಟದ ಜೊತೆ ಕೊಡಿ.

ಪ್ರಶ್ನೆ: ಸೊಸೆ ಗರ್ಭಿಣಿ. ಮನೆಯಲ್ಲಿ ಎಲ್ಲ ಅಡುಗೆಗೂ ಸೈಂಧವ ಲವಣ. ಪರವಾಗಿಲ್ಲವೇ?
– ತೀರ್ಥಹಳ್ಳಿ

ಉತ್ತರ: ಪೊಟ್ಟಣದ ಮೇಲೆ ‘ಅಯೋಡೀಕರಿಸಿದ’ ಎಂದು ಇಲ್ಲದಿದ್ದರೆ ಬೇಡ. ಗರ್ಭಿಣಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು; ಅದಿಲ್ಲದೆ ತಾಯಿಗೆ ಗಳಗಂಡ, ಮಗುವಿನ ಮಿದುಳಿನ ಬೆಳವಣಿಗೆಗೆ ಕುಂದು. ಅಯೋಡಿನ್ ಉಪ್ಪನ್ನು ಮುಚ್ಚಳದ ಡಬ್ಬಿಯಲ್ಲಿ ಒಲೆಯಿಂದ ದೂರ ಇಡಿ, ಸಾರು ಇಳಿಸುವ ಹೊತ್ತಿಗೆ ಹಾಕಿ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಬದಲಿಗೆ ಉಪ್ಪು ಎಂದುಕೊಳ್ಳಬೇಡಿ, ಎರಡೂ ಬೇಕು.