ಡಬ್ಲಿನ್ ಬಿಟ್ಟು ಗಾಲ್ವೇಗೆ ಹೋದರೆ ದಡ್ಡತನವಾ?

"ಅಕ್ಕಾ, ನಾನು ತೀರ್ಥಹಳ್ಳಿ ಕಡೆಯವಳು. ವಯಸ್ಸು 31. ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಗಂಡನದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಕೋವಿಡ್ ಆದಮೇಲೆ ಮನೆಯಿಂದಲೇ ಮಾಡುತ್ತಾರೆ. ಎರಡು ವರ್ಷದ ಮಗಳಿದ್ದಾಳೆ. ಐರ್ಲೆಂಡಿನ ಎರಡು ಸರ್ಕಾರಿ ಆಸ್ಪತ್ರೆಗಳಿಂದ ನನಗೆ ಆಫರ್ ಬಂದಿದೆ. ಒಂದು ರಾಜಧಾನಿ ಡಬ್ಲಿನ್‌ನಲ್ಲಿ, ಇನ್ನೊಂದು ಪಶ್ಚಿಮ ಕರಾವಳಿಯ ಗಾಲ್ವೇಯಲ್ಲಿ. ನನಗೆ ಗಾಲ್ವೇ ಇಷ್ಟ. ಚಿಕ್ಕ ಊರು, ಕಡಲಿದೆ, ನಮ್ಮ ಕಡೆಯಂತೆ ಮಳೆ. ಆದರೆ ಭಾವನವರು 'ಅಷ್ಟು ದೂರ ಹೋಗಿ ಹಳ್ಳಿ ಸೇರ್ತೀಯಾ' ಅಂತ ನಗುತ್ತಾರೆ. ಐದು ವರ್ಷದ ಹಿಂದೆ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ 14 ತಿಂಗಳಿಗೇ ವಾಪಸ್ ಬಂದಿದ್ದೆ. 'ಬೆಂಗಳೂರಿಗೇ ಹೆದರಿ ಬಂದವಳು' ಅಂತ ಈಗಲೂ ಮನೆಯಲ್ಲಿ ಮಾತು ಬರುತ್ತದೆ. ನಾನು ಮತ್ತೆ ಹೆದರಿಕೊಂಡೇ ಚಿಕ್ಕ ಊರು ಕೇಳುತ್ತಿದ್ದೇನಾ? ಉತ್ತರ ಕೊಡಲು ಎರಡು ವಾರ ಟೈಮ್ ಇದೆ."

ತಂಗಿ, ನಿಮ್ಮ ಪತ್ರ ನಾಲ್ಕು ಪುಟ ಇತ್ತು. ಇಲ್ಲಿ ಚಿಕ್ಕದು ಮಾಡಿ ಹಾಕಿದ್ದೇನೆ. ಪೂರ್ತಿ ಓದುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಗಾಲ್ವೇ ಯಾಕೆ ಇಷ್ಟ ಅಂತ ಬರೆದಿದ್ದು ಮೂರು ಸಾಲು. ಯಾರು ಯಾರು ಏನೇನು ಅಂದರು ಅಂತ ಬರೆದಿದ್ದು ಎರಡು ಪುಟ. ನಿಮ್ಮ ಯಜಮಾನರು ಏನಂದರು ಅನ್ನುವುದಕ್ಕೆ ಸಿಕ್ಕಿದ್ದು ಒಂದೇ ಮಾತು: "ನೀನು ಹೇಳಿದ ಹಾಗೆ ಅಂತಾರೆ." ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಬೆಂಗಳೂರಿನ ವಿಷಯ ಮುಗಿಸಿಬಿಡೋಣ. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ, ಪಿಜಿಯ ಒಂದು ರೂಮಿಗೆ ನಾಲ್ಕು ಮಂಚ, ನೈಟ್ ಡ್ಯೂಟಿ ಮುಗಿಸಿ ಬಂದರೆ ಮಲಗಲು ಆಗದಷ್ಟು ಗಲಾಟೆ ಅಂತ ನೀವೇ ಬರೆದಿದ್ದೀರಿ. ಇದರಲ್ಲಿ ಹೆದರಿಕೆ ಎಲ್ಲಿದೆ? ಸಂಬಳದಲ್ಲಿ ಉಳಿಯುತ್ತಿದ್ದುದು ಎಷ್ಟು, ಕಳೆಯುತ್ತಿದ್ದುದು ಎಷ್ಟು ಅಂತ ಲೆಕ್ಕ ಹಾಕಿ ಬಂದಿದ್ದೀರಿ. ಭಾನುವಾರ ರಾತ್ರಿ ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ನಿಂತು ನೋಡಿ. ಬೆಂಗಳೂರಿನ ಸ್ಲೀಪರ್ ಹತ್ತುವ ಹುಡುಗ ಹುಡುಗಿಯರ ಮುಖ ನೋಡಿದರೆ ಯಾರು ಧೈರ್ಯವಂತರು, ಯಾರು ಹೆದರಿದವರು ಅಂತ ಹೇಳಲು ನನಗಂತೂ ಬರುವುದಿಲ್ಲ.

ಆದರೆ ಒಂದು ಎಚ್ಚರ. ಬೆಂಗಳೂರಿನ ಸಿಟ್ಟನ್ನು ಡಬ್ಲಿನ್ ಮೇಲೆ ಹಾಕಬೇಡಿ. ಡಬ್ಲಿನ್ ಬೆಂಗಳೂರಲ್ಲ. ಸುತ್ತಲಿನ ಬಡಾವಣೆಗಳೆಲ್ಲ ಸೇರಿ ಅಲ್ಲಿರುವ ಜನ 12 ಲಕ್ಷ ಚಿಲ್ಲರೆ. ಮೈಸೂರು ನೋಡಿದ್ದೀರಲ್ಲ, ಹೆಚ್ಚುಕಡಿಮೆ ಆ ಲೆಕ್ಕದ ಊರು. ಇಡೀ ಐರ್ಲೆಂಡಿನ ಜನಸಂಖ್ಯೆಯೇ 2022ರ ಗಣತಿಯಲ್ಲಿ ಸುಮಾರು 51 ಲಕ್ಷ. ಗಾಲ್ವೇ ನಗರ 86,000 ಹತ್ತಿರ. ಅಂದರೆ ನಮ್ಮ ಸಾಗರ ಪಟ್ಟಣಕ್ಕಿಂತ ದೊಡ್ಡದು, ಭದ್ರಾವತಿಗಿಂತ ಚಿಕ್ಕದು. ಭಾವನವರು ಅದನ್ನು ಹಳ್ಳಿ ಅಂದರೆ ಅಂದುಕೊಳ್ಳಲಿ ಬಿಡಿ. ಆ "ಹಳ್ಳಿ"ಯಲ್ಲಿ 1845ರಲ್ಲಿ ಶುರುವಾದ ವಿಶ್ವವಿದ್ಯಾಲಯ ಇದೆ, ಆ ಭಾಗಕ್ಕೆಲ್ಲ ದೊಡ್ಡಾಸ್ಪತ್ರೆ ಅಲ್ಲೇ ಇದೆ. ಸುತ್ತಲಿನ ಜಿಲ್ಲೆಗಳಿಂದ ರೋಗಿಗಳು ಬರುವುದು ಅಲ್ಲಿಗೇ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬಂದ ಹಾಗೆ. ಕೆಲಸ ಕಲಿಯಲು ಏನೂ ಕೊರತೆ ಆಗದು.

ದುಡ್ಡಿನ ವಿಷಯ. ಇದು ನಿಮ್ಮ ಭಾವನವರಿಗೆ ಗೊತ್ತಿಲ್ಲ ಅನ್ನಿಸುತ್ತದೆ. ಐರ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್‌ಗಳ ಸಂಬಳಕ್ಕೆ ಇಡೀ ದೇಶಕ್ಕೆ ಒಂದೇ ಸ್ಕೇಲ್. ಲಂಡನ್ನಿನಲ್ಲಿ ಇದ್ದ ಹಾಗೆ ರಾಜಧಾನಿ ಅಂತ ಜಾಸ್ತಿ ಭತ್ಯೆ ಇಲ್ಲ. ಡಬ್ಲಿನ್‌ನಲ್ಲಿ ಬರುವ ಸಂಬಳವೇ ಗಾಲ್ವೇಯಲ್ಲೂ. ಖರ್ಚು ಮಾತ್ರ ಬೇರೆ. ಡಬ್ಲಿನ್‌ನಲ್ಲಿ ಎರಡು ರೂಮಿನ ಮನೆಗೆ ತಿಂಗಳಿಗೆ 2,000 ಯೂರೋ ದಾಟುವುದು ಮಾಮೂಲು.

ಹಾಗಂತ ಗಾಲ್ವೇ ಅಗ್ಗ ಅಂದುಕೊಂಡು ಹೋಗಬೇಡಿ. ನೀವು ಪತ್ರದಲ್ಲಿ "ಚಿಕ್ಕ ಊರಲ್ವಾ, ಬಾಡಿಗೆ ಅರ್ಧ ಇರಬಹುದು" ಅಂತ ಬರೆದಿದ್ದೀರಿ. ಅರ್ಧ ಇಲ್ಲ. ಕಡಿಮೆ ಹೌದು, ಆದರೆ ಅಂಥ ದೊಡ್ಡ ವ್ಯತ್ಯಾಸ ಈಗ ಉಳಿದಿಲ್ಲ. ಮೇಲಾಗಿ ಮನೆ ಸಿಗುವುದೇ ಕಷ್ಟ. 15,000ಕ್ಕೂ ಮೇಲೆ ವಿದ್ಯಾರ್ಥಿಗಳಿರುವ ಊರದು. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಹೋಗಿ ಇಳಿದರೆ ಅವರೆಲ್ಲರ ಜೊತೆ ನೀವೂ ಮನೆ ಹುಡುಕಬೇಕು. ಆಸ್ಪತ್ರೆಯವರಿಗೆ ಈಗಲೇ ಮೇಲ್ ಹಾಕಿ ಕೇಳಿ: ಮೊದಲ ಎಷ್ಟು ವಾರ ಉಳಿಯಲು ಜಾಗ ಕೊಡುತ್ತಾರೆ, ಗಂಡ ಮಗಳು ಬಂದರೂ ಅಲ್ಲೇ ಇರಬಹುದಾ? ನೀವು ಮೊದಲು ಒಬ್ಬರೇ ಹೋಗಿ, ಮನೆ ಆದಮೇಲೆ ಅವರನ್ನು ಕರೆಸಿಕೊಳ್ಳುವುದು ಒಳ್ಳೆಯದು. ಎರಡು ವರ್ಷದ ಮಗುವನ್ನು ಎತ್ತಿಕೊಂಡು ಚಳಿಯಲ್ಲಿ ಮನೆ ನೋಡುತ್ತಾ ತಿರುಗುವುದು ಬೇಡ.

ಇನ್ನು ನನ್ನ ಕಥೆ ಸ್ವಲ್ಪ ಹೇಳಬೇಕು. ನೀವು ಕೇಳಿಲ್ಲ, ಆದರೂ.

ನಾನು ಬ್ಯಾಂಕಿನಲ್ಲಿದ್ದವಳು. 1990ರ ದಶಕದಲ್ಲಿ ಪ್ರಮೋಷನ್ ಕೊಟ್ಟು ಉತ್ತರಕ್ಕೆ ಹಾಕಿದರು. ದೆಹಲಿಯೋ ಡೆಹ್ರಾಡೂನೋ ಅಂತ ಕೇಳಿದಾಗ ಯೋಚನೆಯೇ ಮಾಡದೆ ಡೆಹ್ರಾಡೂನ್ ಅಂದೆ. ಗುಡ್ಡ ಇದೆ, ಮಳೆ ಇದೆ, ನಮ್ಮ ಮಲೆನಾಡಿನ ಹಾಗೇ ಅಂತ. ನೀವು ಗಾಲ್ವೇ ಬಗ್ಗೆ ಬರೆದಿರುವ ಮೂರು ಸಾಲು ಓದಿದಾಗ ನನಗೆ ನಗು ಬಂತು, ಅದು ನನ್ನದೇ ಸಾಲು.

ಹೋದೆ. ಬೀದಿಯಲ್ಲಿ ಎಲ್ಲರೂ ನಮಸ್ತೆ ಅನ್ನುವವರೇ. ಹಾಲಿನ ಅಂಗಡಿಯವನಿಗೆ ಮೂರನೇ ದಿನಕ್ಕೇ ನನ್ನ ಪರಿಚಯ ಆಯಿತು. ಆದರೆ ಏಳು ತಿಂಗಳು ಒಬ್ಬರೂ ಗೇಟಿನಿಂದ ಒಳಗೆ ಕರೆಯಲಿಲ್ಲ. ಅವರದ್ದು ಕೆಟ್ಟ ಬುದ್ಧಿ ಅಂತಲ್ಲ. ಅವರಿಗೆ ಅವರ ಅಣ್ಣ ತಮ್ಮ, ಸ್ಕೂಲಿನ ಸ್ನೇಹಿತರು, ಅತ್ತಿಗೆಯ ತಂಗಿ, ಎಲ್ಲ ಅಲ್ಲೇ ಇದ್ದರು. ಹೊಸಬಳೊಬ್ಬಳು ಬೇಕು ಅಂತ ಅನ್ನಿಸುವ ಜಾಗವೇ ಇರಲಿಲ್ಲ. ನನ್ನ ಜೊತೆಗೇ ಪ್ರಮೋಷನ್ ಆಗಿ ದೆಹಲಿಗೆ ಹೋದ ಗೆಳತಿಗೆ ತಿಂಗಳೊಳಗೆ ಒಂದು ಗುಂಪೇ ಸಿಕ್ಕಿತ್ತು. ದೊಡ್ಡ ಊರಲ್ಲಿ ಎಲ್ಲರೂ ಎಲ್ಲಿಂದಲೋ ಬಂದವರು, ಎಲ್ಲರಿಗೂ ಯಾರೋ ಒಬ್ಬರು ಬೇಕಾಗಿರುತ್ತದೆ. ನನಗೋ, ಭಾನುವಾರ ಮಧ್ಯಾಹ್ನ ಅನ್ನ ಸಾರು ಉಂಡು, ಪಾತ್ರೆ ತೊಳೆದು, ಎರಡು ಗಂಟೆಗೆ ಕೂತರೆ ರಾತ್ರಿಯವರೆಗೆ ಮಾತಾಡಲು ಯಾರೂ ಇಲ್ಲ. ಒಂದಿನ ಇದ್ದಕ್ಕಿದ್ದಂತೆ ನಾನೇ ನನಗೆ ಜೋರಾಗಿ ಕನ್ನಡದಲ್ಲಿ ಏನೋ ಹೇಳಿಕೊಂಡೆ. ದನಿ ಕೇಳಿ ಬೆಚ್ಚಿಬಿದ್ದೆ.

ಎಂಟನೇ ತಿಂಗಳಲ್ಲಿ ಮನೆ ಮಾಲೀಕರ ತಾಯಿ ಪೆನ್ಷನ್ ಫಾರ್ಮ್ ಹಿಡಿದುಕೊಂಡು ಬಂದರು. ತುಂಬಿಸಿಕೊಟ್ಟೆ. ಮಾರನೇ ದಿನ ಬಾಗಿಲ ಹತ್ತಿರ ಒಂದು ಬುಟ್ಟಿ ಲಿಚಿ ಹಣ್ಣು, ಎಲೆ ಸಮೇತ. ಆಮೇಲೆ ನಾಲ್ಕು ವರ್ಷ ಆ ಮನೆಯಲ್ಲಿ ನನ್ನ ಹಬ್ಬ ಒಂದೂ ತಪ್ಪಲಿಲ್ಲ. ಹಾಗಾಗಿ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಆ ಎಂಟು ತಿಂಗಳು ಇರುತ್ತದೆ ಅಂತ ಗೊತ್ತಿದ್ದು ಹೋಗಿ ಅಂತಷ್ಟೇ. ನಮ್ಮ ತೀರ್ಥಹಳ್ಳಿಯನ್ನೇ ನೋಡಿ. ಹೊರಗಿನಿಂದ ವರ್ಗವಾಗಿ ಬಂದ ಟೀಚರನ್ನು ಊಟಕ್ಕೆ ಕರೆಯಲು ನಾವು ಎಷ್ಟು ದಿನ ತಗೊಳ್ಳುತ್ತೇವೆ? ಚಿಕ್ಕ ಊರಿನವರು ನಾವು, ಚಿಕ್ಕ ಊರಿನ ಬಾಗಿಲು ಹೇಗೆ ತೆರೆಯುತ್ತದೆ ಅಂತ ನಮಗೆ ಗೊತ್ತಿರಬೇಕು.

ಗಾಲ್ವೇಯಲ್ಲಿ ಕನ್ನಡ ಕೇಳುವುದು ಕಷ್ಟ. ಕನ್ನಡದವರು ಜಾಸ್ತಿ ಇರುವುದು ಡಬ್ಲಿನ್ ಸುತ್ತಮುತ್ತಲೇ. ಆದರೆ ವಾರ್ಡಿನಲ್ಲಿ ಕೇರಳದ ಸಿಸ್ಟರ್‌ಗಳು ಸಿಕ್ಕೇ ಸಿಗುತ್ತಾರೆ. ಐರ್ಲೆಂಡಿನ ಯಾವ ಆಸ್ಪತ್ರೆಗೆ ಹೋದರೂ ಅವರಿದ್ದಾರೆ. ಕುಸುಬಲಕ್ಕಿ, ತೆಂಗಿನೆಣ್ಣೆ ಎಲ್ಲಿ ಸಿಗುತ್ತದೆ ಅಂತ ಅವರಿಗೇ ಗೊತ್ತು. ಮೊದಲ ವಾರವೇ ಒಬ್ಬರನ್ನು ಹಿಡಿದುಕೊಳ್ಳಿ.

ಈಗ ನಿಮ್ಮ ಯಜಮಾನರ ವಿಷಯ. ನನ್ನ ಪ್ರಕಾರ ಇಡೀ ಪ್ರಶ್ನೆ ಇಲ್ಲೇ ಇದೆ. ನಿಮಗೆ ಎರಡೂ ಕಡೆ ಕೆಲಸ ಖಚಿತ, ಅವರಿಗೆ ಎರಡೂ ಕಡೆ ಇಲ್ಲ. ನಿಮ್ಮ ಕೆಲಸದ ಪರ್ಮಿಟ್ 'ಕ್ರಿಟಿಕಲ್ ಸ್ಕಿಲ್ಸ್' (ಅಲ್ಲಿ ಜನ ಸಾಲದ ಕೆಲಸಗಳಿಗೆ ಕೊಡುವುದು) ಅಂತ ಬರೆದಿದ್ದೀರಿ. ಹಾಗಿದ್ದರೆ ಅವರಿಗೆ ಬೇರೆ ಪರ್ಮಿಟ್ ಬೇಡ, ಸ್ಟ್ಯಾಂಪ್ 1ಜಿ ಅನ್ನುವ ವಾಸದ ಅನುಮತಿ ಸಿಕ್ಕರೆ ಸೀದಾ ಕೆಲಸಕ್ಕೆ ಸೇರಬಹುದು. ಪ್ರಶ್ನೆ ಇರುವುದು ಕೆಲಸ ಎಲ್ಲಿ ಅನ್ನುವುದು. ಗೂಗಲ್, ಮೆಟಾ ತರಹದ ಕಂಪನಿಗಳ ಯೂರೋಪಿನ ಮುಖ್ಯ ಕಚೇರಿಗಳಿರುವುದು ಡಬ್ಲಿನ್‌ನಲ್ಲಿ. ಸಾಫ್ಟ್‌ವೇರ್ ಕೆಲಸ ಅಲ್ಲೇ ಜಾಸ್ತಿ, ಅದರಲ್ಲಿ ಅನುಮಾನ ಇಲ್ಲ. ಗಾಲ್ವೇಯ ಶಕ್ತಿ ಬೇರೆ. ಹೃದಯದ ಸ್ಟೆಂಟ್, ಕ್ಯಾತಿಟರ್ ಇಂಥವನ್ನು ತಯಾರಿಸುವ ಮೆಡ್‌ಟ್ರಾನಿಕ್, ಬಾಸ್ಟನ್ ಸೈಂಟಿಫಿಕ್‌ನಂಥ ಕಂಪನಿಗಳ ದೊಡ್ಡ ಘಟಕಗಳು ಅಲ್ಲಿವೆ. ಇಂಥ ಉಪಕರಣಗಳಲ್ಲಿ ಪ್ರತಿಯೊಂದನ್ನೂ ಪರೀಕ್ಷೆ ಮಾಡಿ, ಮಾಡಿದ್ದಕ್ಕೆ ದಾಖಲೆ ಇಡಬೇಕು. ಟೆಸ್ಟಿಂಗ್ ಗೊತ್ತಿರುವವರಿಗೆ ಅಲ್ಲೊಂದು ದಾರಿ ಇರಬಹುದು. ಆದರೆ ಅದು ಅವರು ಇಲ್ಲಿಯವರೆಗೆ ಮಾಡಿದ ಕೆಲಸವೇ ಅಲ್ಲ, ಹೊಸದಾಗಿ ಕಲಿಯಬೇಕು. ಅದಕ್ಕೆ ಅವರು ತಯಾರಿದ್ದಾರಾ?

"ನೀನು ಹೇಳಿದ ಹಾಗೆ" ಅನ್ನುವ ಗಂಡಸರನ್ನು ನಾನು ತುಂಬಾ ನೋಡಿದ್ದೇನೆ. ಅದರಲ್ಲಿ ಅರ್ಧ ಜನ ನಿಜವಾಗಿ ಪ್ರೀತಿಯಿಂದ ಹೇಳುತ್ತಾರೆ. ಇನ್ನರ್ಧ ಜನ ಮುಂದೆ ಏನಾದರೂ ಎಡವಟ್ಟಾದರೆ "ನಾನು ಆಗಲೇ" ಅಂತ ಶುರು ಮಾಡುತ್ತಾರೆ. ನಿಮ್ಮವರು ಯಾವ ಅರ್ಧ ಅಂತ ನನಗಿಂತ ನಿಮಗೆ ಗೊತ್ತು. ನೀವು 12 ಗಂಟೆ ಡ್ಯೂಟಿಗೆ ಹೋದ ದಿನ ಮಗಳು ಅವರ ಜೊತೆಗೇ ಇರಬೇಕು. ಎರಡು ವರ್ಷ ಎಂಟು ತಿಂಗಳು ತುಂಬಿದ ಮೇಲೆ ದಿನಕ್ಕೆ ಮೂರು ಗಂಟೆ ಸರ್ಕಾರದ ಖರ್ಚಿನಲ್ಲಿ ಶಿಶುವಿಹಾರ ಇದೆ, ಅದಕ್ಕಿಂತ ಮೊದಲು ಏನು? ಶಿವಮೊಗ್ಗದಲ್ಲಿ ಈಗ ನಿಮ್ಮ ಅಮ್ಮ ನೋಡಿಕೊಳ್ಳುತ್ತಿದ್ದಾರೆ. ಅಲ್ಲಿ ಅಮ್ಮ ಇಲ್ಲ. ಆರು ತಿಂಗಳು ಅವರು ಕೆಲಸವಿಲ್ಲದೆ ಮನೆಯಲ್ಲಿ ಮಗು ನೋಡಿಕೊಂಡಿದ್ದರೆ ಅವರ ಮನಸ್ಸು ಹೇಗಿರುತ್ತದೆ ಅಂತ ಅವರನ್ನೇ ಕೇಳಿ. ಭಾವನವರನ್ನಲ್ಲ.

ಒಂದು ಸಮಾಧಾನ ಏನಂದರೆ ಇದು ತಾಳಿ ಕಟ್ಟಿಸಿಕೊಂಡ ಹಾಗಲ್ಲ. ಈಗಿನ ನಿಯಮದಂತೆ 9 ತಿಂಗಳಾದ ಮೇಲೆ ಬೇರೆ ಆಸ್ಪತ್ರೆಗೆ ಹೋಗಬಹುದು. ಎರಡು ವರ್ಷ ಕಳೆದರೆ ಸ್ಟ್ಯಾಂಪ್ 4ಕ್ಕೆ ಅರ್ಜಿ ಹಾಕಬಹುದು, ಸಿಕ್ಕಿದ ಮೇಲೆ ಪರ್ಮಿಟ್ಟೇ ಬೇಡ. ಗಾಲ್ವೇ ಒಗ್ಗದಿದ್ದರೆ ಡಬ್ಲಿನ್ ಎಲ್ಲೂ ಓಡಿಹೋಗಿರುವುದಿಲ್ಲ, ರೈಲಿನಲ್ಲಿ ಎರಡೂವರೆ ಗಂಟೆ. ನಮಗೆ ಬೆಂಗಳೂರು ಇದಕ್ಕಿಂತ ದೂರ.

"ಅಮ್ಮನಿಗೆ ಹುಷಾರಿಲ್ಲ ಅಂದರೆ ಗಾಲ್ವೇಯಿಂದ ಬರಲು ಕಷ್ಟ ಅಲ್ವಾ" ಅಂತಲೂ ಕೇಳಿದ್ದೀರಿ. ಡಬ್ಲಿನ್ ವಿಮಾನ ನಿಲ್ದಾಣಕ್ಕೆ ಅಲ್ಲಿಂದ ನೇರ ಬಸ್ಸಿದೆ. ಮೂರು ಗಂಟೆ ಹೆಚ್ಚಾಗುತ್ತದೆ. ಆಮೇಲೆ ದುಬೈಯೋ ದೋಹಾವೋ, ಬೆಂಗಳೂರು, ಅಲ್ಲಿಂದ ಶಿವಮೊಗ್ಗದ ಸೋಗಾನೆಗೆ ವಿಮಾನ ಸಿಕ್ಕರೆ ಸರಿ, ಇಲ್ಲದಿದ್ದರೆ ರಾತ್ರಿ ಬಸ್ಸು. ಒಂದು ದಿನ ಹಿಡಿಯುವ ದಾರಿಯಲ್ಲಿ ಆ ಮೂರು ಗಂಟೆಗಾಗಿ ಊರು ಬದಲಾಯಿಸಬೇಡಿ.

ಮಳೆಯ ಬಗ್ಗೆ ಮಾತ್ರ ನಿಮ್ಮ ಜೊತೆ ಜಗಳ ಇದೆ. "ನಮ್ಮ ಕಡೆಯಂತೆ ಮಳೆ" ಅಂದಿದ್ದೀರಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ, ಗಾಲ್ವೇಯಲ್ಲಿ 1,200ರ ಆಸುಪಾಸು. ಅಳತೆಯಲ್ಲಿ ನಮಗೆ ಏನೂ ಅಲ್ಲ. ಆದರೆ ನಮ್ಮ ಮಳೆಗೆ ಹೆಸರಿದೆ, ಗಡುವಿದೆ. ಆರಿದ್ರಾ, ಪುನರ್ವಸು, ಪುಷ್ಯ ಅಂತ ಎಣಿಸುತ್ತಾ ಕೂತರೆ ದೀಪಾವಳಿ ಹೊತ್ತಿಗೆ ಬಿಸಿಲು ಬಂದು ಅಡಿಕೆ ಒಣಗಲು ಶುರುವಾಗುತ್ತದೆ. ಅಲ್ಲಿಯದು ವರ್ಷಪೂರ್ತಿ ಜಿಟಿಜಿಟಿ, ವರ್ಷದಲ್ಲಿ 200 ದಿನಕ್ಕೂ ಮೇಲೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಎಂಟೂಮುಕ್ಕಾಲಿಗೆ ಬೆಳಕು, ಸಂಜೆ ನಾಲ್ಕೂವರೆಗೆ ಕತ್ತಲು. ಡ್ಯೂಟಿ ದಿನ ಸೂರ್ಯನ ಮುಖವೇ ಕಾಣುವುದಿಲ್ಲ. ಕತ್ತಲೆ ಡಬ್ಲಿನ್‌ನಲ್ಲೂ ಅಷ್ಟೇ, ಮಳೆ ಮಾತ್ರ ಅಲ್ಲಿ ಕಡಿಮೆ. ಬಟ್ಟೆ ಒಣಗಿಸಲು ಬಚ್ಚಲೊಲೆ ಇಲ್ಲ. ಮನೆ ನೋಡುವಾಗ ಗೋಡೆ ಮೂಲೆಯಲ್ಲಿ ಬೂಷ್ಟು ಹಿಡಿದಿದೆಯಾ ನೋಡಿ, ಬಿಇಆರ್ ದರ್ಜೆ (ಮನೆ ಬಿಸಿ ಮಾಡಲು ಎಷ್ಟು ಇಂಧನ ಬೇಕು ಅನ್ನುವ ಅಳತೆ) ಕೇಳಿ. ಎ ಅಥವಾ ಬಿ ಇದ್ದರೆ ಮನೆ ಬೆಚ್ಚಗಿರುತ್ತದೆ. ಎಫ್, ಜಿ ಇದ್ದರೆ ಬಾಡಿಗೆ ಕಡಿಮೆ ಅಂತ ಆಸೆಪಡಬೇಡಿ, ಉಳಿದಿದ್ದೆಲ್ಲ ಹೀಟರಿಗೆ ಹೋಗುತ್ತದೆ.

ಅಷ್ಟಾದರೂ ನನ್ನ ಓಟು ಗಾಲ್ವೇಗೇ, ನಿಮ್ಮ ಯಜಮಾನರು ಬಾಯಿಬಿಟ್ಟು ಹೂಂ ಅಂದರೆ. ಅವರು "ನನಗೆ ಡಬ್ಲಿನ್ ಬೇಕು, ಅಲ್ಲಿ ನನಗೆ ಕೆಲಸ ಸಿಗುತ್ತದೆ" ಅಂದರೆ ಡಬ್ಲಿನ್‌ಗೆ ಹೋಗಿ, ಅದರಲ್ಲೂ ನೀವು ಸೋಲುವುದೇನಿಲ್ಲ. ಈ ಭಾನುವಾರ ಭಾವನವರ ಮನೆ ಊಟಕ್ಕೆ ಏನಾದರೂ ನೆಪ ಹೇಳಿ. ಮಗಳನ್ನು ಅಮ್ಮನ ಹತ್ತಿರ ಬಿಟ್ಟು ಇಬ್ಬರೇ ಮಂಡಗದ್ದೆ ಕಡೆ ಹೋಗಿ, ತುಂಗೆಯ ಪಕ್ಕ ಎಲ್ಲಾದರೂ ಕೂತುಕೊಳ್ಳಿ. "ನೀನು ಹೇಳಿದ ಹಾಗೆ" ಅಂದರೆ ಒಪ್ಪಬೇಡಿ, ಇನ್ನೊಂದು ಸಲ ಕೇಳಿ.

ಗಾಲ್ವೇಯ ಸಾಲ್ಟ್‌ಹಿಲ್ ಅನ್ನುವಲ್ಲಿ ಕಡಲ ದಂಡೆಯ ಉದ್ದಕ್ಕೆ ನಡೆಯುವ ದಾರಿ ಇದೆ. ಕೊನೆಯಲ್ಲಿ ಒಂದು ಗೋಡೆ. ಅಲ್ಲಿಯವರೆಗೆ ನಡೆದು ಬಂದವರು ಗೋಡೆಗೆ ಕಾಲಿನಿಂದ ಒಂದು ಸಲ ಒದ್ದು ಹಿಂದಿರುಗುತ್ತಾರೆ. ಯಾಕೆ ಅಂತ ಕೇಳಬೇಡಿ, ಊರಿನ ರೂಢಿ. ಹೋದರೆ ನನ್ನ ಲೆಕ್ಕದಲ್ಲೂ ಒಂದು ಒದ್ದು ಬನ್ನಿ. ಒಳ್ಳೆಯ ರೈನ್‌ಕೋಟ್ ಇಟ್ಟುಕೊಳ್ಳಿ. ಕೊಡೆ ಒಯ್ಯಬೇಡಿ, ಅಲ್ಲಿ ಗಾಳಿಗೆ ಮಳೆ ಅಡ್ಡಡ್ಡ ಬರುತ್ತದೆ.