ಅರ್ಧರಾತ್ರಿ ಯಾರಿಗೆ ಬೊಗಳುತ್ತದೆ ಈ ನಾಯಿ?

ಪ್ರಶ್ನೆ: ನಮ್ಮ ಮನೆ ಕಾಪುವಿನ ಹತ್ತಿರ, ಹಿಂದೆ ತೋಟ. 3 ವರ್ಷದ ಊರ ನಾಯಿ ಇದೆ. ಹಗಲಿಡೀ ಚೈನಲ್ಲಿ ಕಟ್ಟಿರುತ್ತೇವೆ, ಸುಮ್ನೆ ಮಲಗಿರುತ್ತದೆ. ರಾತ್ರಿ 2ಕ್ಕೆ ಶುರು ಮಾಡಿದರೆ 4ರವರೆಗೂ ಬೊಗಳುತ್ತದೆ. ಟಾರ್ಚ್ ಹಾಕಿ ನೋಡಿದರೆ ಏನೂ ಇಲ್ಲ. ಅತ್ತೆ ಗುಳಿಗ ದೈವದ ಸಂಚಾರ ಅನ್ನುತ್ತಾರೆ, ಪಕ್ಕದ ಮನೆಯವರು ಮಾತು ಬಿಟ್ಟಿದ್ದಾರೆ. ಶಾಕ್ ಕೊಡುವ ಬೆಲ್ಟ್ ತರಿಸಬಹುದಾ?

ಉತ್ತರ: ಬೆಲ್ಟ್ ಬೇಡ. ಹೆದರಿ ಬೊಗಳುವ ನಾಯಿಗೆ ಅದರಿಂದ ಹೆದರಿಕೆ ಇನ್ನೂ ಜಾಸ್ತಿಯಾಗುತ್ತದೆ ಅಷ್ಟೇ.

ಮೊದಲು ಕಿವಿಗೊಟ್ಟು ಕೇಳಿ. ನಮ್ಮ ಮನೆ ನಾಯಿಗೆ ದಿನಾ ಎರಡು ಥರದ ಬೊಗಳು. ಬೆಳಿಗ್ಗೆ ಮೀನಿನವನ ಹಾರ್ನ್ ಕೇಳಿದರೆ ಕೀರಲು ದನಿ, ನಡುನಡುವೆ ಬಿಟ್ಟು ಬಿಟ್ಟು, ಇಡೀ ಸೊಂಟವೇ ಅಲ್ಲಾಡುತ್ತಿರುತ್ತದೆ, ಯಾಕೆಂದರೆ ಬೂತಾಯಿ ಮೀನಿನ ತಲೆ ಸಿಗುತ್ತದೆ. ಮಧ್ಯಾಹ್ನ ಕೊರಿಯರ್ ಹುಡುಗ ಬಂದರೆ ದಪ್ಪ ದನಿ, ಉಸಿರು ಬಿಡದ ಹಾಗೆ ಒಂದರ ಮೇಲೊಂದು. ಪಾಪ, ಅವನು ಪೊಟ್ಟಣ ಕೊಟ್ಟು ಹೋಗುವವನೇ, ಆದರೆ ಇದು ತಾನು ಓಡಿಸಿದೆ ಅಂದುಕೊಳ್ಳುತ್ತದೆ, ಮರುದಿನ ಇನ್ನೂ ಜೋರು. ಹಂಗೇರಿಯಲ್ಲಿ ಬೊಗಳುವುದನ್ನು ರೆಕಾರ್ಡ್ ಮಾಡಿ ಜನರಿಗೆ ಕೇಳಿಸಿದ ಪ್ರಯೋಗವೊಂದು 2005ರಲ್ಲಿ ಪ್ರಕಟವಾಯಿತು. ನಾಯಿ ಸಾಕದವರೂ ಇದು ಸಿಟ್ಟು, ಇದು ಒಂಟಿತನ ಎಂದು ಸುಮಾರಾಗಿ ಸರಿಯಾಗಿಯೇ ಗುರುತಿಸಿದ್ದರು. ನಿಮಗೂ ಆಗುತ್ತದೆ.

ದಪ್ಪ ದನಿಯಾದರೆ ತೋಟದಲ್ಲಿ ಏನೋ ಇದೆ. ನಮ್ಮ ಕಿವಿ ಸುಮಾರು 20,000 ಹರ್ಟ್ಸ್‌ಗೆ ನಿಲ್ಲುತ್ತದೆ, ನಾಯಿಯದ್ದು 45,000ದ ತನಕ ಹೋಗುತ್ತದೆ, ಮೂಗಿನ ಮಾತು ಬೇರೆಯೇ. ನೀವು ಟಾರ್ಚ್ ಹುಡುಕಿ ಚಪ್ಪಲಿ ಹಾಕಿ ಬರುವಷ್ಟರಲ್ಲಿ ಪುನುಗು ಬೆಕ್ಕು ಮರ ಹತ್ತಿಯಾಗಿರುತ್ತದೆ. ಗುಳಿಗನ ವಿಷಯ ನಾನು ಮಾತಾಡುವುದಿಲ್ಲ, ಅತ್ತೆಯ ನಂಬಿಕೆ ಅವರಿಗೆ. ಆದರೆ ಬೆಳಿಗ್ಗೆ ಒಮ್ಮೆ ಹಲಸಿನ ಬುಡ, ಕಾಂಪೌಂಡ್ ಗೋಡೆಯ ಮೇಲೆ ನೋಡಿ. ಬೀಜ ತುಂಬಿದ ಹಿಕ್ಕೆ ಕಂಡರೆ ಪುನುಗಿನದೇ ಇರಬೇಕು. ಬಿದ್ದ ಹಣ್ಣು ಸಂಜೆಯೇ ಹೆಕ್ಕಿಬಿಡಿ, ಕೋಳಿಗೂಡಿದ್ದರೆ ಬಾಗಿಲು ಗಟ್ಟಿ ಮಾಡಿ.

ಕೀರಲು ದನಿ, ಒಂದೇ ಲಯ, ನಡುವೆ ಕುಂಯ್ ಅನ್ನುವುದು ಇದ್ದರೆ ಬೇಜಾರು. ನನಗೆ ಅನುಮಾನ ಇದರ ಮೇಲೆಯೇ. ಹಗಲಿಡೀ ಚೈನಲ್ಲಿ ಮಲಗಿದ ನಾಯಿಗೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು, ಅಲ್ವಾ? ಸಂಜೆ ಅರ್ಧ ಗಂಟೆ ನಡೆಸಿ, ಅದು ಮೂಸಿದಲ್ಲೆಲ್ಲ ನಿಲ್ಲಲು ಬಿಡಿ. ರಾತ್ರಿ ತೋಟ ಕಾಣದ ಕಡೆ, ಜಗಲಿಯಲ್ಲಿ ಮಲಗಿಸಿ.

ಇನ್ನೊಂದು, ಕಿಟಕಿಯಿಂದ "ಏಯ್, ಸುಮ್ಮನಿರು" ಎಂದು ಕಿರುಚಬೇಡಿ. ನೀವೂ ಸೇರಿ ಬೊಗಳುತ್ತಿದ್ದೀರಿ ಎಂದೇ ಅದರ ಲೆಕ್ಕ. ಒಮ್ಮೆ ಹೊರಗೆ ಬನ್ನಿ, ನೋಡಿ, ಮೆಲ್ಲ ಹೆಸರು ಹಿಡಿದು ಕರೆಯಿರಿ, ಬಾಯಿ ಮುಚ್ಚಿದ ಮೇಲೆ ಒಣಮೀನಿನ ಚೂರು ಕೊಡಿ. ಬೊಗಳುತ್ತಿರುವಾಗ ಕೊಟ್ಟರೆ ಕೆಟ್ಟಿರಿ.

ಪ್ರಶ್ನೆ: 14 ವರ್ಷದ ನಾಯಿ ಈಚೆಗೆ ಗೋಡೆ ನೋಡಿ ಬೊಗಳುತ್ತದೆ. (ಮಲ್ಪೆಯಿಂದ)

ಉತ್ತರ: ಮೊದಲು ಡಾಕ್ಟರಿಗೆ ತೋರಿಸಿ. ಕಣ್ಣು, ಕಿವಿ ಮಂದವಾಗಿರಬಹುದು, ಗಂಟು ನೋವಿರಬಹುದು, ಮುದಿ ನಾಯಿಗೆ ಮರೆವೂ ಬರುತ್ತದೆ. ಸದ್ಯಕ್ಕೆ ರಾತ್ರಿ ಸಣ್ಣ ಬಲ್ಬ್ ಉರಿಸಿಡಿ, ಮಲಗುವ ಜಾಗ ಬದಲಿಸಬೇಡಿ.